ಬೈದರೆ ಕೇಳಿಸುತ್ತಾ? ನೆಟ್ ನ್ಯೂಟ್ರಾಲಿಟಿ ಗಲಾಟೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

2015–16ರ ಇಂಟರ್ನೆಟ್ ಜಗಳದ ಬಗ್ಗೆ ನಾನು ಎಲ್ಲೇ ಮಾತಾಡಲಿ, ಏನೇ ಬರೆಯಲಿ, ತಿರುಗಿ ಬರುವ ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಕಾಲೇಜು ಹುಡುಗರು ಒಂದು ಥರ ಕೇಳುತ್ತಾರೆ, ರಿಟೈರ್ ಆದ ಮೇಷ್ಟ್ರುಗಳು ಇನ್ನೊಂದು ಥರ. ಕೆಲವರು ಬೈಯುತ್ತಲೇ ಕೇಳುತ್ತಾರೆ. ಎಲ್ಲವನ್ನೂ ಒಂದೆಡೆ ಸೇರಿಸಿದ್ದೇನೆ. ಕೇಳಿದವರ ಮಾತನ್ನು ತಿದ್ದಲು ಹೋಗಿಲ್ಲ. ಸುಲಭದವು ಮೊದಲು, ತಲೆ ತಿನ್ನುವಂಥವು ಕೊನೆಗೆ.

## ಶುರುವಿನಲ್ಲಿ ಕೇಳುವವು

ನಾನು ಆಗ ಹೈಸ್ಕೂಲು. ನೆಟ್ ನ್ಯೂಟ್ರಾಲಿಟಿ ಅಂದ್ರೆ ಏನು, ಎರಡು ಮಾತಲ್ಲಿ ಹೇಳ್ತೀರಾ?

ಮೊಬೈಲ್ ಕಂಪನಿ ನಿಮಗೆ ದಾರಿ ಕೊಡಬೇಕು. ಆ ದಾರಿಯಲ್ಲಿ ನೀವು ಯಾವ ಅಂಗಡಿಗೆ ಹೋಗುತ್ತೀರಿ ಅಂತ ನೋಡಿ ರೇಟು ಬದಲಿಸಬಾರದು. ಅಷ್ಟೇ. ವಾಟ್ಸಾಪ್ ಕರೆಗೆ ಒಂದು ದರ, ವಿಡಿಯೊಗೆ ಇನ್ನೊಂದು, ಕಂಪನಿಗೆ ದುಡ್ಡು ಕಟ್ಟಿದ ಅಂಗಡಿ ಮಾತ್ರ ಬಿಟ್ಟಿ, ಇದ್ಯಾವುದೂ ಕೂಡದು. 2003ರಲ್ಲಿ ಟಿಮ್ ವು ಎಂಬ ಅಮೆರಿಕದ ಕಾನೂನು ಪ್ರೊಫೆಸರ್ ಇದಕ್ಕೆ ಈ ಹೆಸರಿಟ್ಟರು.

ನಮ್ಮಲ್ಲಿ ಇದು ಎಲ್ಲರ ಬಾಯಿಗೆ ಬಂದಿದ್ದು 2014ರ ಡಿಸೆಂಬರಿನಲ್ಲಿ. ಇಂಟರ್ನೆಟ್ ಕರೆಗಳಿಗೆ ಬೇರೆ ದರ ಹಾಕುತ್ತೇವೆ ಎಂದು ಏರ್‌ಟೆಲ್ ಹೇಳಿತು. ಜನ ರೇಗಿದರು. ಕೆಲವೇ ದಿನಗಳಲ್ಲಿ ಕಂಪನಿ ಹಿಂದೆ ಸರಿದು, ಟ್ರಾಯ್ ಏನು ಹೇಳುತ್ತದೋ ನೋಡೋಣ ಎಂದಿತು. 2015ರ ಮಾರ್ಚ್ 27ರಂದು ಟ್ರಾಯ್ 118 ಪುಟಗಳ ಚರ್ಚಾ ಪತ್ರ ಹೊರಡಿಸಿತು. ಅದರಲ್ಲಿ 20 ಪ್ರಶ್ನೆಗಳು. ಉತ್ತರ ಕಳಿಸಲು ಏಪ್ರಿಲ್ 24 ಕೊನೆ ದಿನ. ದೊಡ್ಡ ಜಗಳ ಹತ್ತಿಕೊಂಡಿದ್ದು ಅಲ್ಲಿಂದ.

ಟ್ರಾಯ್ ಅಂದ್ರೆ ಕೋರ್ಟಾ? ಸರ್ಕಾರಾನಾ?

ಎರಡೂ ಅಲ್ಲ. 1997ರ ಕಾಯ್ದೆಯಿಂದ ಹುಟ್ಟಿದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ. ಫೋನು, ಡೇಟಾ ದರಗಳ ವಿಷಯದಲ್ಲಿ ನಿಯಮ ಮಾಡುವುದು ಇದರ ಕೆಲಸ. ಆ ಕೆಲಸವನ್ನು ಪಾರದರ್ಶಕವಾಗಿ ಮಾಡಬೇಕು ಎಂದು ಅದೇ ಕಾಯ್ದೆಯ 11ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಮೊದಲು ಪ್ರಶ್ನೆ ಪ್ರಕಟಿಸಬೇಕು, ಅಭಿಪ್ರಾಯ ತೆಗೆದುಕೊಳ್ಳಬೇಕು, ಕಾರಣ ಬರೆದು ತೀರ್ಮಾನ ಹೇಳಬೇಕು. ಒಣ ವಿಷಯ ಅನ್ನಿಸಬಹುದು. ಆದರೆ ಕೆಳಗಿನ ಅರ್ಧ ಉತ್ತರಗಳು ಇದರ ಮೇಲೇ ನಿಂತಿವೆ.

ಫ್ರೀ ಬೇಸಿಕ್ಸ್ ಬಿಟ್ಟಿ ತಾನೇ ಕೊಡ್ತಿದ್ದಿದ್ದು? ಬಡವರಿಗೆ ಸಿಕ್ಕಿದ್ರೆ ನಿಮಗ್ಯಾಕೆ ಹೊಟ್ಟೆಯುರಿ?

ಈ ಪ್ರಶ್ನೆಗೆ ನಾನು ಯಾವತ್ತೂ ಸಿಟ್ಟಾಗುವುದಿಲ್ಲ. ಇದು ನ್ಯಾಯವಾದ ಪ್ರಶ್ನೆ.

ಫೇಸ್‌ಬುಕ್ ಇದನ್ನು ಇಂಟರ್ನೆಟ್ ಡಾಟ್ ಆರ್ಗ್ ಎಂಬ ಹೆಸರಿನಲ್ಲಿ 2015ರ ಫೆಬ್ರವರಿಯಲ್ಲಿ ಭಾರತಕ್ಕೆ ತಂದಿತು. ರಿಲಯನ್ಸ್ ಕಮ್ಯುನಿಕೇಷನ್ಸ್ ಸಿಮ್ ಇದ್ದವರಿಗೆ, ತಮಿಳುನಾಡು, ಕೇರಳ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರ, ಗುಜರಾತಿನಲ್ಲಿ ಸಿಗುತ್ತಿತ್ತು. ಕರ್ನಾಟಕ ಆ ಪಟ್ಟಿಯಲ್ಲಿ ಇರಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೆಸರು ಫ್ರೀ ಬೇಸಿಕ್ಸ್ ಆಯಿತು. ಬಿಟ್ಟಿ ಸಿಗುತ್ತಿದ್ದದ್ದು ಮೂವತ್ತು ಚಿಲ್ಲರೆ ತಾಣ. ಫೇಸ್‌ಬುಕ್ ಇತ್ತು, ಹವಾಮಾನ ಇತ್ತು, ಕೆಲಸ ಹುಡುಕುವ ತಾಣ ಇತ್ತು. ಯಾವುದು 'ಬೇಸಿಕ್' ಎಂದು ನಿರ್ಧರಿಸುವವರು ಫೇಸ್‌ಬುಕ್‌ನವರು. ಟೀಕೆ ಜಾಸ್ತಿಯಾದ ಮೇಲೆ ಯಾರು ಬೇಕಾದರೂ ಸೇರಬಹುದು ಎಂದರು. ಆದರೆ ಶರತ್ತು ಇತ್ತು: ವಿಡಿಯೊ ಇರಬಾರದು, ಇಂಟರ್ನೆಟ್ ಕರೆ ಇರಬಾರದು, ದೊಡ್ಡ ಫೋಟೊ ಇರಬಾರದು, ಎಲ್ಲ ಡೇಟಾ ಓಡಾಟ ಅವರ ಸರ್ವರ್ ಮೂಲಕ ಹಾಯ್ದು ಹೋಗಬೇಕು.

ಊರಿಗೆ ಒಂದು ಬಿಟ್ಟಿ ಬಸ್ಸು ಬಂತು ಅಂದುಕೊಳ್ಳಿ. ಸಂತೋಷವೇ. ಆದರೆ ಆ ಬಸ್ಸು ಬಸ್ಸಿನ ಯಜಮಾನರು ಹೇಳಿದ ಅಂಗಡಿಗಳ ಮುಂದೆ ಮಾತ್ರ ನಿಲ್ಲುತ್ತದೆ. ಉಳಿದ ಅಂಗಡಿಗೆ ಹೋಗಬೇಕಾದರೆ ಟಿಕೆಟ್ ತಗೋಬೇಕು. ಒಂದೆರಡು ವರ್ಷದಲ್ಲಿ ಪೇಟೆಯಲ್ಲಿ ಯಾರ ಅಂಗಡಿ ಉಳಿಯುತ್ತದೆ? ಬಡವನಿಗೆ ಇಂಟರ್ನೆಟ್ ಬೇಕು ಎಂಬುದರಲ್ಲಿ ಜಗಳವೇ ಇರಲಿಲ್ಲ. ಜಗಳ ಇದ್ದದ್ದು, ಬಡವನಿಗೆ ಮಾತ್ರ ತುಂಡು ಇಂಟರ್ನೆಟ್ ಯಾಕೆ ಎಂಬುದರಲ್ಲಿ.

ಕೊನೆಗೆ ಗೆದ್ದಿದ್ದು ಯಾರು?

2016ರ ಫೆಬ್ರವರಿ 8ರಂದು ಟ್ರಾಯ್ ನಿಯಮ ಹೊರಡಿಸಿತು. ಯಾವ ತಾಣ ನೋಡುತ್ತೀರಿ ಎಂಬುದರ ಮೇಲೆ ಡೇಟಾ ದರ ಬದಲಾಗಬಾರದು. ಮೀರಿದರೆ ದಿನಕ್ಕೆ 50,000 ರೂಪಾಯಿ ದಂಡ, ಹೆಚ್ಚೆಂದರೆ 50 ಲಕ್ಷ. ಮೂರು ದಿನದ ಮೇಲೆ ಫೇಸ್‌ಬುಕ್ ಭಾರತದಲ್ಲಿ ಫ್ರೀ ಬೇಸಿಕ್ಸ್ ನಿಲ್ಲಿಸಿತು. 2018ರ ಜುಲೈನಲ್ಲಿ ಕೇಂದ್ರದ ಟೆಲಿಕಾಂ ಆಯೋಗ ವಿಶಾಲವಾದ ನೆಟ್ ನ್ಯೂಟ್ರಾಲಿಟಿ ತತ್ವಗಳಿಗೂ ಒಪ್ಪಿಗೆ ಕೊಟ್ಟಿತು.

## ಜಗಳದ ಒಳಗಿನ ಮಾತು

ಹತ್ತು ಲಕ್ಷ ಇಮೇಲ್ ಹೋಯ್ತಂತೆ. ಅಷ್ಟನ್ನೂ ಯಾರು ಓದಿದ್ರು ಸಾರ್?

ಹತ್ತು ಲಕ್ಷ ದಾಟಿದ್ದು ನಿಜ. ಒಂದೊಂದಾಗಿ ಓದಿರಲಿಕ್ಕಿಲ್ಲ, ಓದಬೇಕಾಗಿಯೂ ಇರಲಿಲ್ಲ. ಸೇವ್ ದಿ ಇಂಟರ್ನೆಟ್ ಎಂಬ ಸ್ವಯಂಸೇವಕರ ಗುಂಪು ಆ 118 ಪುಟ ಓದಿ, 20 ಪ್ರಶ್ನೆಗಳಿಗೂ ಉತ್ತರ ಬರೆದಿಟ್ಟಿತ್ತು. ಒಂದು ಹಾಸ್ಯ ತಂಡ ಅದನ್ನೇ ವಿಡಿಯೊ ಮಾಡಿ ನಗಿಸಿತು. ಜನ ಬಂದು, ಬೇಕಾದರೆ ತಿದ್ದಿ, ಬೇಡದಿದ್ದರೆ ಹಾಗೇ ಕಳಿಸಿದರು. ಹೆಚ್ಚಿನವರು ಹಾಗೇ ಕಳಿಸಿದರು ಅಂತ ಒಪ್ಪಿಕೊಳ್ಳಬೇಕು.

ಆಮೇಲೆ ಒಂದು ಎಡವಟ್ಟು ಆಯಿತು. ಪಾರದರ್ಶಕತೆ ಅಂತ ಹೇಳಿ ಟ್ರಾಯ್ ಆ ಎಲ್ಲ ಇಮೇಲ್‌ಗಳನ್ನು ಕಳಿಸಿದವರ ವಿಳಾಸದ ಸಮೇತ ಪ್ರಕಟಿಸಿತು. ಜಾಹೀರಾತು ಕಳಿಸುವವರಿಗೆ ಹಬ್ಬ. ಸಿಟ್ಟಿಗೆದ್ದ ಹ್ಯಾಕರ್‌ಗಳು ಅದೇ ದಿನ ಟ್ರಾಯ್ ತಾಣವನ್ನೇ ಮಲಗಿಸಿದರು. ಸಾರ್ವಜನಿಕ ಅಭಿಪ್ರಾಯ ಕಳಿಸುವಾಗ ಬೇರೆಯದೇ ಒಂದು ಇಮೇಲ್ ವಿಳಾಸ ಇಟ್ಟುಕೊಳ್ಳಿ ಅಂತ ನಾನು ಇವತ್ತಿಗೂ ಹೇಳುವುದು ಅದಕ್ಕೇ.

ಫ್ಲಿಪ್‌ಕಾರ್ಟ್ ಆಪ್‌ಗೆ ಒಂದು ಸ್ಟಾರ್ ಕೊಟ್ಟು ಏನ್ ಸಾಧಿಸಿದ್ರಿ? ಅದು ನಮ್ಮ ಬೆಂಗಳೂರಿನ ಕಂಪನಿ ಅಲ್ವಾ?

2015ರ ಏಪ್ರಿಲ್ 6ರಂದು ಏರ್‌ಟೆಲ್ ಝೀರೋ ಬಂತು. ಆಪ್ ಕಂಪನಿ ದುಡ್ಡು ಕಟ್ಟಿದರೆ ಗಿರಾಕಿಗೆ ಆ ಆಪ್ ಬಿಟ್ಟಿ. ಫ್ಲಿಪ್‌ಕಾರ್ಟ್ ಅದಕ್ಕೆ ಸೇರಲು ಮಾತುಕತೆ ನಡೆಸಿತ್ತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಸಚಿನ್ ಬನ್ಸಲ್ ಮೊದಲು ಸಮರ್ಥನೆಗೆ ಇಳಿದರು. ವಿದೇಶದವರು ಮಾಡಿದರೆ ಹೊಸತನ, ನಾವು ಮಾಡಿದರೆ ತಪ್ಪಾ ಎಂಬ ಅರ್ಥದ ಮಾತು. ಜನ ಆಪ್ ತೆಗೆದುಹಾಕಿದರು, ಒಂದು ಸ್ಟಾರ್ ಒತ್ತಿದರು. ಏಪ್ರಿಲ್ 14ಕ್ಕೆ ಕಂಪನಿ ಹಿಂದೆ ಸರಿಯಿತು. ಮಾರನೇ ದಿನ ಪ್ರಯಾಣದ ಟಿಕೆಟ್ ಮಾರುವ ಕ್ಲಿಯರ್‌ಟ್ರಿಪ್ ಕೂಡ ಇಂಟರ್ನೆಟ್ ಡಾಟ್ ಆರ್ಗ್‌ನಿಂದ ಹೊರಬಂತು.

ಸಾಧಿಸಿದ್ದು ಇಷ್ಟೇ: ಒಂದು ಕಂಪನಿಯ ಒಂದು ಒಪ್ಪಂದ ಮುರಿಯಿತು. ನಿಯಮ ಬದಲಾಗಲಿಲ್ಲ. ನಿಯಮ ಬದಲಾಗಲು ಇನ್ನೂ ಹತ್ತು ತಿಂಗಳು ಬೇಕಾಯಿತು, ಅದೂ ಬೇರೆ ದಾರಿಯಿಂದ. ಇನ್ನೊಂದು ಮಾತು. ಬೆಂಗಳೂರಿನ ಕಂಪನಿ ಎಂಬ ಕಾರಣಕ್ಕೆ ಬಿಡಬೇಕಿತ್ತು ಅನ್ನುವುದು ನನಗೆ ಒಪ್ಪಿಗೆಯಿಲ್ಲ. ನಾಳೆ ಹುಟ್ಟಬೇಕಾದ ಇನ್ನೊಂದು ಬೆಂಗಳೂರು ಕಂಪನಿಗೂ ಅದೇ ದಾರಿ ಬೇಕಲ್ಲ?

ಫೇಸ್‌ಬುಕ್ ಕಡೆಗೂ ಲಕ್ಷಗಟ್ಟಲೆ ಜನ ಬರೆದಿದ್ರು. ಅವ್ರ ಮಾತು ಯಾಕೆ ನಡೀಲಿಲ್ಲ? ಇದು ಯಾವ ಸೀಮೆ ಪ್ರಜಾಪ್ರಭುತ್ವ?

ಇಡೀ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು. ಸ್ವಲ್ಪ ಉದ್ದ ಹೇಳುತ್ತೇನೆ, ಸಹಿಸಿಕೊಳ್ಳಿ.

2015ರ ಡಿಸೆಂಬರ್ 9ರಂದು ಟ್ರಾಯ್ ಎರಡನೇ ಪತ್ರ ಹೊರಡಿಸಿತು. ಈ ಸಲ ವಿಷಯ ಕಿರಿದು, ಪ್ರಶ್ನೆ ನಾಲ್ಕೇ. ತಾಣಕ್ಕೊಂದು ದರ ಇಡಬಹುದಾ? ಇಡುವುದಾದರೆ ಪಕ್ಷಪಾತ ಆಗದಂತೆ ತಡೆಯುವುದು ಹೇಗೆ? ಬಿಟ್ಟಿ ಇಂಟರ್ನೆಟ್ ಕೊಡಲು ಬೇರೆ ದಾರಿ ಇದೆಯಾ? ಹೀಗೆ.

ಫೇಸ್‌ಬುಕ್ ತನ್ನ ಬಳಕೆದಾರರ ಮುಂದೆ ಒಂದು ಗುಂಡಿ ಇಟ್ಟಿತು. ಒತ್ತಿದರೆ 'ನಾನು ಫ್ರೀ ಬೇಸಿಕ್ಸ್ ಬೆಂಬಲಿಸುತ್ತೇನೆ' ಎಂಬ ಅರ್ಥದ ಸಿದ್ಧ ಪತ್ರ ಟ್ರಾಯ್‌ಗೆ ಹೋಗುತ್ತಿತ್ತು. ಅಮೆರಿಕದಲ್ಲಿದ್ದ ಕೆಲವರಿಗೂ ಆ ಸೂಚನೆ ಹೋಯಿತು. ಕಣ್ತಪ್ಪಿನಿಂದ ಆಯಿತು ಎಂದು ಕಂಪನಿ ಹೇಳಿತು. ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು ಬಂತು. ಜುಕರ್‌ಬರ್ಗ್ ಸ್ವತಃ ಇಂಗ್ಲಿಷ್ ಪತ್ರಿಕೆಯಲ್ಲಿ ಲೇಖನ ಬರೆದು, ಇದು ಸಾರ್ವಜನಿಕ ಗ್ರಂಥಾಲಯದ ಹಾಗೆ, ಇದನ್ನು ಯಾರು ವಿರೋಧಿಸಲು ಸಾಧ್ಯ ಎಂದು ಕೇಳಿದರು. ಗ್ರಂಥಾಲಯದ ಹೋಲಿಕೆ ಓದಿ ನಾನು ನಕ್ಕಿದ್ದೆ. ನಮ್ಮೂರ ಲೈಬ್ರರಿಯಲ್ಲಿ ಯಾವ ಪುಸ್ತಕ ತೆಗೆದುಕೊಂಡರೂ ಪುಸ್ತಕ ಬರೆದವರು ಲೈಬ್ರರಿಯ ಯಜಮಾನರಲ್ಲ.

ಆಗ ಈ ಕಡೆಯವರೂ ಸುಮ್ನೆ ಕೂರಲಿಲ್ಲ. ಐಐಟಿಗಳ ಮತ್ತು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಸೇರಿ ಒಂದು ಹೇಳಿಕೆ ಕೊಟ್ಟರು. ಯಾವುದು ಬೇಸಿಕ್ ಎಂದು ಫೇಸ್‌ಬುಕ್ ನಿರ್ಧರಿಸುವುದು ಒಂದು ದೋಷ, ಎಲ್ಲರ ಓಡಾಟ ಅದರ ಸರ್ವರ್ ಮೂಲಕ ಹಾಯುವುದು ಇನ್ನೊಂದು, 'ಉಚಿತ' ಎಂಬ ಮಾತೇ ದಾರಿ ತಪ್ಪಿಸುತ್ತದೆ ಎಂಬುದು ಮೂರನೆಯದು. ನಂದನ್ ನಿಲೇಕಣಿ ಇನ್ನೊಬ್ಬರ ಜೊತೆ ಸೇರಿ, ಗ್ಯಾಸ್ ಸಬ್ಸಿಡಿಯ ಹಾಗೆ ಬಡವರಿಗೆ ನೇರವಾಗಿ ಡೇಟಾ ಕೊಡಬಹುದು, ಅವರು ಬೇಕಾದಲ್ಲಿ ಬಳಸಲಿ ಎಂದು ಬರೆದರು. ಗಮನಿಸಿ, ಇದು ಬೈಗುಳವಲ್ಲ. ಟ್ರಾಯ್ ಕೇಳಿದ್ದ 'ಬೇರೆ ದಾರಿ ಇದೆಯಾ' ಎಂಬ ಪ್ರಶ್ನೆಗೆ ಉತ್ತರ.

ಒಟ್ಟು 24 ಲಕ್ಷದ ಹತ್ತಿರ ಅಭಿಪ್ರಾಯ ಬಂತು. ಬಹುಪಾಲು ಅಚ್ಚು ಒತ್ತಿದಂಥವು, ಅದರಲ್ಲೂ ಫೇಸ್‌ಬುಕ್ ಕಡೆಯವೇ ಹೆಚ್ಚು. ಕೇಳಿದ ನಾಲ್ಕು ಪ್ರಶ್ನೆಗೆ ಉತ್ತರ ಕೊಡಿಸಿ ಎಂದು ಟ್ರಾಯ್ ಫೇಸ್‌ಬುಕ್‌ಗೆ ಹೇಳಿತು. 2016ರ ಜನವರಿಯ ಪತ್ರದಲ್ಲಂತೂ, ತಿಳಿದು ತೀರ್ಮಾನ ಮಾಡಲು ಇಟ್ಟ ಚರ್ಚೆಯನ್ನು ನೀವು ಒರಟು ತಲೆ ಎಣಿಕೆಯಾಗಿ ಮಾಡುತ್ತಿದ್ದೀರಿ ಎಂಬ ಧಾಟಿಯಲ್ಲಿ ತರಾಟೆಗೆ ತೆಗೆದುಕೊಂಡಿತು.

ಹಾಗಾದರೆ ಏಪ್ರಿಲ್‌ನ ಹತ್ತು ಲಕ್ಷವೂ ಅಚ್ಚು ಒತ್ತಿದ್ದೇ ಅಲ್ವಾ ಅಂತ ಕೇಳುತ್ತೀರಿ. ಹೌದು. ವ್ಯತ್ಯಾಸ ಒಂದೇ. ಆ ಅಚ್ಚಿನಲ್ಲಿ 20 ಪ್ರಶ್ನೆಗೆ 20 ಉತ್ತರ ಇತ್ತು. ಈ ಅಚ್ಚಿನಲ್ಲಿ ಜೈಕಾರ ಇತ್ತು. ಪರೀಕ್ಷೆಯಲ್ಲಿ ಕಾಪಿ ಹೊಡೆದವನಿಗೂ ಪ್ರಶ್ನೆಗೆ ಉತ್ತರ ಬರೆದರೆ ಒಂದಷ್ಟು ಅಂಕ ಬೀಳುತ್ತದೆ. ದೇವರ ಸ್ತೋತ್ರ ಬರೆದು ಬಂದವನಿಗೆ ಏನು ಕೊಡುವುದು? ಟ್ರಾಯ್ ಮತ ಎಣಿಸುವ ಮನೆ ಅಲ್ಲ. ಎಣಿಸಿದ್ದರೆ ಫೇಸ್‌ಬುಕ್ ಗೆಲ್ಲುತ್ತಿತ್ತು, ನಾವು ಸೋಲುತ್ತಿದ್ದೆವು.

ಡಿಪಿ ತ್ರಿವರ್ಣ ಮಾಡ್ಕೊಂಡ್ರೆ ಫ್ರೀ ಬೇಸಿಕ್ಸ್‌ಗೆ ವೋಟು ಬೀಳ್ತಿತ್ತಂತೆ?

ಇಲ್ಲ. ಈ ಸುಳ್ಳನ್ನು ಹಂಚಿದವರಲ್ಲಿ ನಾನೂ ಒಬ್ಬ.

2015ರ ಸೆಪ್ಟೆಂಬರ್ 27ರಂದು ಪ್ರಧಾನಿ ಮೋದಿ ಫೇಸ್‌ಬುಕ್ ಕಚೇರಿಗೆ ಹೋಗಿದ್ದರು. ಡಿಜಿಟಲ್ ಇಂಡಿಯಾ ಬೆಂಬಲಿಸಿ ಜುಕರ್‌ಬರ್ಗ್ ತಮ್ಮ ಫೋಟೊಗೆ ತ್ರಿವರ್ಣ ಬಳಿದುಕೊಂಡರು. ನಾವೂ ಬಳಿದುಕೊಂಡೆವು. ಆಮೇಲೆ ಯಾರೋ ಆ ಪುಟದ ಕೋಡ್ ತೆರೆದು ನೋಡಿದರೆ ಒಳಗೆ ಇಂಟರ್ನೆಟ್ ಡಾಟ್ ಆರ್ಗ್ ಎಂಬ ಹೆಸರು! ಮೋಸ ಮೋಸ ಎಂದು ಕೂಗು ಎದ್ದಿತು. ಎಂಜಿನಿಯರ್ ಒಬ್ಬರು ಅವಸರದಲ್ಲಿ ಕೋಡಿನ ತುಂಡಿಗೆ ಇಟ್ಟ ಹೆಸರು ಅದು, ಫೋಟೊಗೂ ಯೋಜನೆಗೂ ಸಂಬಂಧವಿಲ್ಲ ಎಂದು ಕಂಪನಿ ಹೇಳಿ ಹೆಸರು ಬದಲಿಸಿತು. ಕೋಡ್ ಬರೆಯುವವರಿಗೆ ಇದು ಸಹಜ ಅಂತ ಗೊತ್ತು. ನನಗೂ ಗೊತ್ತಿತ್ತು. ಆದರೂ ಹಂಚಿದೆ, ಯಾಕೆಂದರೆ ಹಂಚಲು ರುಚಿಯಾಗಿತ್ತು. ಮಾರನೇ ದಿನ ಆಫೀಸಿನಲ್ಲಿ ಒಬ್ಬ ಕಿರಿಯ ಹುಡುಗಿ, 'ಸಾರ್, ನೀವೇ ಹೀಗೆ ಹಂಚಿದ್ರೆ ನಾವು ಯಾರನ್ನ ಕೇಳೋದು' ಅಂದಳು. ಅಳಿಸಿದೆ. ಆದರೆ ಅಷ್ಟರಲ್ಲಿ ನಮ್ಮ ಅತ್ತಿಗೆಯ ಗುಂಪಿಗೂ ಅದು ತಲುಪಿಯಾಗಿತ್ತು.

ಆ ವಸಾಹತುಶಾಹಿ ಟ್ವೀಟ್ ಕಥೆ ಏನು?

ಟ್ರಾಯ್ ನಿಯಮ ಬಂದ ಮೇಲೆ ಫೇಸ್‌ಬುಕ್ ಮಂಡಳಿಯಲ್ಲಿದ್ದ ಹೂಡಿಕೆದಾರ ಮಾರ್ಕ್ ಆಂಡ್ರೀಸನ್ ಒಂದು ಮಾತು ಬರೆದರು. ವಸಾಹತುಶಾಹಿಯನ್ನು ವಿರೋಧಿಸಿದ್ದರಿಂದಲೇ ಭಾರತೀಯರಿಗೆ ದಶಕಗಳಿಂದ ಆರ್ಥಿಕ ನಷ್ಟ ಆಗಿದೆ, ಈಗ್ಯಾಕೆ ನಿಲ್ಲಿಸಬೇಕು ಎಂಬುದು ಅದರ ಸಾರ. ಭಾರತ ಎದ್ದು ನಿಂತಿತು. ಅವರು ಅಳಿಸಿ ಕ್ಷಮೆ ಕೇಳಿದರು. ಜುಕರ್‌ಬರ್ಗ್ ಕೂಡ ಆ ಮಾತು ತಮ್ಮದಲ್ಲ, ಅದರಿಂದ ಬೇಸರವಾಗಿದೆ ಎಂದರು. ಒಂದು ವರ್ಷ ನಾವು ಪುಟಗಟ್ಟಲೆ ಬರೆದು ವಿವರಿಸಿದ್ದನ್ನು ಆ ಮನುಷ್ಯ ಒಂದು ಸಾಲಿನಲ್ಲಿ ವಿವರಿಸಿಬಿಟ್ಟರು.

## ಬೇರೆ ಗಲಾಟೆಗಳ ಜೊತೆ ಇಟ್ಟು ನೋಡುವವರಿಗೆ

ಡೇಟಾ ಅಗ್ಗ ಆಗಿದ್ದು ಜಿಯೋದಿಂದ. ನಿಮ್ಮ ಹೋರಾಟದಿಂದ ಅಲ್ಲ. ಒಪ್ಕೊಳ್ತೀರಾ?

ಒಪ್ಪುತ್ತೇನೆ. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂತು, ತಿಂಗಳುಗಟ್ಟಲೆ ಬಿಟ್ಟಿ ಡೇಟಾ ಕೊಟ್ಟಿತು, ಉಳಿದವರು ದರ ಇಳಿಸಲೇಬೇಕಾಯಿತು. ಅದಕ್ಕೆ ಮೊದಲು ಒಂದು ಜಿಬಿಗೆ 250 ರೂಪಾಯಿ ಹತ್ತಿರ ಕೊಡುತ್ತಿದ್ದೆವು. ಆದರೆ ಬಿಟ್ಟಿ ಸಿಕ್ಕಿದ್ದು ಪೂರ್ತಿ ಇಂಟರ್ನೆಟ್. ಹಳ್ಳಿಯ ಹುಡುಗ ಯಾವ ತಾಣ ನೋಡಬೇಕೆಂದು ಯಾರೂ ಪಟ್ಟಿ ಕೊಡಲಿಲ್ಲ. ಆ ಹೊತ್ತಿಗೆ ತಾಣಕ್ಕೊಂದು ದರ ಇಡುವಂತಿಲ್ಲ ಎಂಬ ನಿಯಮ ಬಂದು ಏಳು ತಿಂಗಳಾಗಿತ್ತು. ಹೊಸ ಕಂಪನಿಗಳು ದುಡ್ಡಿನ ಬಲದಿಂದ ಹಳಬರನ್ನು ಹೊಸಕಿದ್ದು ಸರಿಯಾ ಅನ್ನುವುದು ಬೇರೆ ಜಗಳ. ಅದಕ್ಕೆ ಇನ್ನೊಂದು ದಿನ ಬನ್ನಿ.

ಅಮೆರಿಕದಲ್ಲೂ ಇದೇ ಜಗಳ ಆಯ್ತಲ್ಲ. ಅಲ್ಲಿ ಜನ ಇನ್ನೂ ಜಾಸ್ತಿ ಬರೆದ್ರು. ಯಾಕೆ ಸೋತ್ರು?

ಅಲ್ಲಿ ನಮ್ಮ ಟ್ರಾಯ್‌ನಂಥ ಎಫ್‌ಸಿಸಿ ಎಂಬ ಸಂಸ್ಥೆ 2015ರ ಫೆಬ್ರವರಿಯಲ್ಲಿ ಗಟ್ಟಿ ನಿಯಮ ಮಾಡಿತ್ತು. ಸರ್ಕಾರ ಬದಲಾಯಿತು. ಭಾರತೀಯ ಮೂಲದ ಅಜಿತ್ ಪೈ ಅಧ್ಯಕ್ಷರಾದರು. 2017ರ ಡಿಸೆಂಬರ್ 14ರಂದು ಪರ ಮೂರು, ವಿರೋಧ ಎರಡು ಮತದಿಂದ ಆ ನಿಯಮ ತೆಗೆದುಹಾಕಿದರು.

ಅದಕ್ಕೂ ಮೊದಲು ಬಂದ ಅಭಿಪ್ರಾಯಗಳು 2 ಕೋಟಿ 20 ಲಕ್ಷಕ್ಕೂ ಹೆಚ್ಚು! ನ್ಯೂಯಾರ್ಕಿನ ಅಟಾರ್ನಿ ಜನರಲ್ ವರ್ಷಗಟ್ಟಲೆ ತನಿಖೆ ನಡೆಸಿ 2021ರಲ್ಲಿ ವರದಿ ಕೊಟ್ಟರು. ಅದರಲ್ಲಿ ಸುಮಾರು 1 ಕೋಟಿ 80 ಲಕ್ಷ ನಕಲಿ. 85 ಲಕ್ಷ ಬ್ರಾಡ್‌ಬ್ಯಾಂಡ್ ಕಂಪನಿಗಳ ದುಡ್ಡಿನಿಂದ ನಡೆದ ಅಭಿಯಾನದ್ದು, ಯಾರ್ಯಾರದೋ ಹೆಸರು ವಿಳಾಸ ಹಾಕಿ ಕಳಿಸಿದ್ದು. ಇನ್ನೊಂದು ಕಡೆ, ನೆಟ್ ನ್ಯೂಟ್ರಾಲಿಟಿ ಪರವಾಗಿಯೇ, 19 ವರ್ಷದ ಒಬ್ಬ ಕಾಲೇಜು ಹುಡುಗ ಸಾಫ್ಟ್‌ವೇರ್ ಬಳಸಿ ಒಬ್ಬನೇ 77 ಲಕ್ಷ ಕಳಿಸಿದ್ದ.

ಎರಡೂ ಕಡೆ ಸುಳ್ಳು ತುಂಬಿದ ಮೇಲೆ ಎಣಿಕೆಗೆ ಬೆಲೆ ಉಳಿಯಲಿಲ್ಲ. ಕಷ್ಟಪಟ್ಟು ಎರಡು ಪುಟ ಬರೆದ ನಿಜವಾದ ಮನುಷ್ಯನ ಮಾತೂ ಆ ಕಸದಡಿ ಹೋಯಿತು. 2024ರಲ್ಲಿ ನಿಯಮ ಮತ್ತೆ ಬಂತು, 2025ರ ಜನವರಿಯಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟ್ ಹೊಡೆದುಹಾಕಿತು. ಅಲ್ಲಿ ಅದು ಸರ್ಕಾರ ಬದಲಾದಾಗಲೆಲ್ಲ ಮಗ್ಗುಲು ಬದಲಿಸುವ ವಿಷಯ. ನಮ್ಮಲ್ಲಿ ಪಕ್ಷದ ಜಗಳ ಆಗದೇ ಉಳಿದದ್ದು ಪುಣ್ಯ. ಆಗ ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದ ರಾಜೀವ್ ಚಂದ್ರಶೇಖರ್, ಒಡಿಶಾದ ಸಂಸದ ತಥಾಗತ ಸತ್ಪತಿ, ಕಾಂಗ್ರೆಸ್ಸಿನವರು ಎಲ್ಲ ಒಂದೇ ಕಡೆ ಇದ್ದರು. ಅಂಥದ್ದು ಇನ್ನೊಂದು ಸಲ ನೋಡುತ್ತೇವೋ ಇಲ್ಲವೋ.

ಗೂಗಲ್ ಕನ್ನಡವನ್ನ 'ಅತಿ ಕೊಳಕು ಭಾಷೆ' ಅಂತ ತೋರಿಸಿದಾಗ ಬೈದಿದ್ದು ಸರಿ ತಾನೇ?

ಸರಿ. ನಾನೂ ಬೈದಿದ್ದೇನೆ. 2021ರ ಜೂನ್ 3, ಆ ದಿನ ಬೇರೆ ಏನೂ ಕೆಲಸ ಆಗಲಿಲ್ಲ. ಮಂತ್ರಿ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಮಾತಾಡಿದರು, ಗೂಗಲ್ ಅದನ್ನು ತೆಗೆದು ಕ್ಷಮೆ ಕೇಳಿತು.

ಆದರೆ ಒಂದು ವಿಷಯ ಹೇಳಲೇಬೇಕು. ಆ ಮಾತು ಗೂಗಲ್ ಬರೆದದ್ದಲ್ಲ. ಸಾಲ ತೀರಿಸುವ ಸಲಹೆ ಕೊಡುವ ಯಾವುದೋ ಲೆಕ್ಕಕ್ಕಿಲ್ಲದ ತಾಣದಲ್ಲಿತ್ತು. ಕೇಳಿದ ಪ್ರಶ್ನೆಗೆ ಹೊಂದುವ ಸಾಲನ್ನು ಹೆಕ್ಕಿ ಮೇಲಿಡುವುದು ಆ ಯಂತ್ರದ ಕೆಲಸ. ಸಾಲು ಸರಿಯಾ ತಪ್ಪಾ ಅದಕ್ಕೆ ಗೊತ್ತಿಲ್ಲ. ನಾವು ಕೇಳಬೇಕಿದ್ದದ್ದು, ಗೊತ್ತಿಲ್ಲದ್ದನ್ನು ಉತ್ತರ ಅಂತ ಯಾಕೆ ತೋರಿಸುತ್ತೀರಿ ಎಂಬುದನ್ನು. ಕೇಳಿದ್ದು, ಕ್ಷಮೆ ಯಾವಾಗ ಎಂಬುದನ್ನು. ಕೇಳಿದ್ದು ಸಿಕ್ಕಿತು. ಎರಡು ದಿನಕ್ಕೆ ಅಮೆಜಾನ್ ಕೆನಡಾ ತಾಣದಲ್ಲಿ ನಮ್ಮ ಕನ್ನಡ ಬಾವುಟದ ಬಣ್ಣದ ಬಿಕಿನಿ ಕಾಣಿಸಿತು, ಎಲ್ಲರೂ ಆ ಕಡೆ ಓಡಿದೆವು.

2024ರಲ್ಲಿ ಸ್ಥಳೀಯರಿಗೆ ಕೆಲಸದ ಮಸೂದೆ ಟ್ವೀಟುಗಳಿಗೇ ಬಿತ್ತಲ್ಲ. ಹಾಗಾದ್ರೆ ಗದ್ದಲಕ್ಕೆ ಶಕ್ತಿ ಇದೆ ಅಂತಾಯ್ತು?

ಯಾರ ಗದ್ದಲ ಅನ್ನುವುದು ಮುಖ್ಯ. ಜುಲೈನಲ್ಲಿ ಸಂಪುಟ ಒಪ್ಪಿದ ಮಸೂದೆಯಲ್ಲಿ ಆಡಳಿತ ಹುದ್ದೆಗೆ ಶೇ 50, ಉಳಿದ ಹುದ್ದೆಗೆ ಶೇ 70 ಸ್ಥಳೀಯರಿಗೆ ಎಂದಿತ್ತು. ಮುಖ್ಯಮಂತ್ರಿ ಸಿ, ಡಿ ದರ್ಜೆ ಕೆಲಸ ನೂರಕ್ಕೆ ನೂರು ಎಂದು ಬರೆದು ಅಳಿಸಿದರು. ಐಟಿ ಕಂಪನಿಗಳ ಸಂಘ ನಾಸ್ಕಾಂ ಎಚ್ಚರಿಸಿತು, ಉದ್ಯಮಿಗಳು ಟೀಕಿಸಿದರು, ಪಕ್ಕದ ಆಂಧ್ರದ ಮಂತ್ರಿ ನಾರಾ ಲೋಕೇಶ್ ನಮ್ಮ ಕಡೆ ಬನ್ನಿ ಎಂದು ಕರೆದರು. 17ರಂದು ಮಸೂದೆ ಬದಿಗೆ ಸರಿಯಿತು. ಹಾಗೆ ಟೀಕಿಸಿದವರಲ್ಲಿ ಫೋನ್‌ಪೇ ಮುಖ್ಯಸ್ಥರೂ ಒಬ್ಬರು, ಹಾಗಾಗಿ ಈ ಕಡೆಯಿಂದ ಕನ್ನಡಿಗರು ಫೋನ್‌ಪೇ ತೆಗೆದುಹಾಕುವ ಅಭಿಯಾನ ನಡೆಸಿದರು. ಅವರು ಕ್ಷಮೆ ಕೇಳಿದರು. ಮಸೂದೆ ಮಾತ್ರ ವಾಪಸ್ ಬರಲಿಲ್ಲ.

ಹರಿಯಾಣದ ಇಂಥದ್ದೇ ಕಾನೂನನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರಿನಲ್ಲಿ ಹೊಡೆದುಹಾಕಿತ್ತು. ನಮ್ಮದು ಕೋರ್ಟಿನಲ್ಲಿ ಹೇಗೆ ನಿಲ್ಲುತ್ತದೆ ಅಂತ ಯಾರಾದರೂ ಕೇಳಿದ್ದನ್ನು ನೆನಪು ಮಾಡಿಕೊಳ್ಳಿ. ಬೆರಳೆಣಿಕೆ ಮಂದಿ. ಕನ್ನಡಿಗರಿಗೆ ಕೆಲಸ ಬೇಕು ಎನ್ನುವವನು ನಾನೂ ಹೌದು. ಅದಕ್ಕೇ ಬೇಜಾರು.

## ಗಟ್ಟಿ ಪ್ರಶ್ನೆಗಳು

ಸಿಟ್ಟಲ್ಲಿ ಏನೋ ಬರೆದ್ರೆ ಕೇಸ್ ಬೀಳುತ್ತಾ? ಹೆದರ್ಕೊಂಡೇ ಬರೀಬೇಕಾ?

2012ರ ನವೆಂಬರಿನಲ್ಲಿ ಬಾಳ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಬಗ್ಗೆ ಬರೆದ ಒಬ್ಬ ಹುಡುಗಿಯನ್ನೂ, ಅದಕ್ಕೆ ಲೈಕ್ ಒತ್ತಿದ ಇನ್ನೊಬ್ಬಳನ್ನೂ ಪಾಲ್ಘರ್‌ನಲ್ಲಿ ಬಂಧಿಸಿದ್ದರು. ಆ ಬಂಧನಕ್ಕೆ ಬಳಸಿದ ಐಟಿ ಕಾಯ್ದೆಯ 66ಎ ಸೆಕ್ಷನ್ ಅನ್ನು ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದು ರದ್ದು ಮಾಡಿತು. ಮೂರು ದಿನಕ್ಕೆ ಟ್ರಾಯ್ ಪತ್ರ ಬಂತು. ಜನ ಅಷ್ಟು ಧೈರ್ಯವಾಗಿ ಬರೆದದ್ದಕ್ಕೆ ಆ ವಾರದ ಗಾಳಿಯೂ ಕಾರಣ ಅಂತ ನನ್ನ ಅನಿಸಿಕೆ.

ಆದರೆ 66ಎ ಹೋದರೂ ಬೇರೆ ಸೆಕ್ಷನ್‌ಗಳಿವೆ. ಗುಂಪುಗಳ ನಡುವೆ ದ್ವೇಷ ಹುಟ್ಟಿಸುವುದು, ಸುಳ್ಳು ಹಬ್ಬಿಸುವುದು ಭಾರತೀಯ ನ್ಯಾಯ ಸಂಹಿತೆಯ 196, 353ರಲ್ಲಿ ಬರುತ್ತದೆ. ಪೋಸ್ಟ್‌ಗಳನ್ನು ತಡೆಯುವ ಕೇಂದ್ರದ ಅಧಿಕಾರವನ್ನು ಪ್ರಶ್ನಿಸಿದ ಎರಡು ದೊಡ್ಡ ಮೊಕದ್ದಮೆ ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ನಡೆದವು. 2023ರ ಜೂನ್ 30ರಂದು ಟ್ವಿಟರ್ ಸೋತು 50 ಲಕ್ಷ ದಂಡ ಹಾಕಿಸಿಕೊಂಡಿತು. 2025ರ ಸೆಪ್ಟೆಂಬರಿನಲ್ಲಿ ಪೋಸ್ಟ್ ತೆಗೆಸಲು ಕೇಂದ್ರ ಬಳಸುವ ಸಹಯೋಗ್ ಪೋರ್ಟಲ್ ವಿರುದ್ಧದ ಎಕ್ಸ್ (ಅದೇ ಟ್ವಿಟರ್) ಅರ್ಜಿಯೂ ವಜಾ ಆಯಿತು.

ಇಮೇಲ್ ಕಳಿಸಿದ್ದಕ್ಕೂ ಪೊಲೀಸರು ಬಂದದ್ದಿದೆ. 2020ರಲ್ಲಿ, ಯೋಜನೆಗಳಿಗೆ ಪರಿಸರ ಒಪ್ಪಿಗೆ ಕೊಡುವ ಹೊಸ ನಿಯಮಗಳ ಕರಡಿನ ವಿರುದ್ಧ ಕೇಂದ್ರ ಮಂತ್ರಿಗೆ ಇಮೇಲ್ ಹರಿಸಿದ ಯುವಕರ ತಾಣಕ್ಕೆ ದೆಹಲಿ ಪೊಲೀಸರು ಉಗ್ರರ ವಿರುದ್ಧದ ಯುಎಪಿಎ ಕಾಯ್ದೆಯಡಿ ನೋಟಿಸ್ ಕೊಟ್ಟರು! ಆಮೇಲೆ ಕಣ್ತಪ್ಪು ಎಂದು ಹಿಂತೆಗೆದುಕೊಂಡರು. ಹೆದರಬೇಡಿ ಅಂತ ಸುಲಭವಾಗಿ ಹೇಳಲಾರೆ. ನೀತಿಯನ್ನು ಬೈಯಿರಿ, ಜನರನ್ನು ಬೈಯಬೇಡಿ ಅಂತ ಮಾತ್ರ ಹೇಳುತ್ತೇನೆ.

ಮಯನ್ಮಾರ್ ಉದಾಹರಣೆ ಎತ್ತುತ್ತೀರಲ್ಲ, ಅದು ಸುಮ್ನೆ ಹೆದರಿಸೋದಲ್ವಾ?

ಎಳೆದು ಹೇಳಿದರೆ ಹೆದರಿಸಿದ ಹಾಗೇ ಆಗುತ್ತದೆ. ಅಲ್ಲಿ ಫ್ರೀ ಬೇಸಿಕ್ಸ್ 2016ರ ಜೂನ್‌ನಲ್ಲಿ ಬಂತು, 2017ರ ಸೆಪ್ಟೆಂಬರಿನಲ್ಲಿ ನಿಂತಿತು. ರೋಹಿಂಗ್ಯಾಗಳ ಮೇಲಿನ ಸೇನಾ ದಾಳಿ 2017ರ ಆಗಸ್ಟ್‌ನಲ್ಲಿ ಶುರುವಾಯಿತು. ಏಳು ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿದರು. ಅಲ್ಲಿ ಹೆಚ್ಚಿನವರಿಗೆ ಇಂಟರ್ನೆಟ್ ಅಂದರೇ ಫೇಸ್‌ಬುಕ್, ದ್ವೇಷದ ಮಾತಿಗೆ ಕಂಪನಿ ತಡವಾಗಿ ಎಚ್ಚೆತ್ತಿತು ಎಂದು ವಿಶ್ವಸಂಸ್ಥೆಯ ತನಿಖಾ ತಂಡ 2018ರಲ್ಲಿ ಹೇಳಿತು. ತಾನು ಸಾಕಷ್ಟು ಮಾಡಲಿಲ್ಲ ಎಂದು ಫೇಸ್‌ಬುಕ್ಕೂ ಒಪ್ಪಿಕೊಂಡಿತು. ಫ್ರೀ ಬೇಸಿಕ್ಸ್‌ನಿಂದಲೇ ಅದು ಆಯಿತು ಅಂದರೆ ಸುಳ್ಳು. ಒಂದು ದೇಶಕ್ಕೆ ಒಂದೇ ಬಾಗಿಲು ಇದ್ದರೆ ಏನಾಗಬಹುದು ಎಂಬುದಕ್ಕೆ ಉದಾಹರಣೆ, ಅಷ್ಟೇ.

ನಾನು ಕನ್ನಡದಲ್ಲಿ ಅಭಿಪ್ರಾಯ ಕಳಿಸಿದ್ರೆ ಓದ್ತಾರಾ?

ಕಳಿಸುವುದು ಆಮೇಲಿನ ಮಾತು. ಪ್ರಶ್ನೆಯೇ ಕನ್ನಡದಲ್ಲಿ ಇರುವುದಿಲ್ಲ. ಮೇಲೆ ಹೇಳಿದ 2020ರ ಪರಿಸರ ಕರಡು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇತ್ತು. ಅದನ್ನು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೆ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಹೇಳಿತು. ಕನ್ನಡದಲ್ಲಿ ಪ್ರಚಾರ ಮಾಡದ್ದನ್ನು ನಮ್ಮ ಹೈಕೋರ್ಟೂ ಪ್ರಶ್ನಿಸಿ, ಅಂತಿಮ ಅಧಿಸೂಚನೆಗೆ ತಾತ್ಕಾಲಿಕ ತಡೆ ಕೊಟ್ಟಿತು. ಪಶ್ಚಿಮಘಟ್ಟದ ಕಾಡಿಗೂ ತಟ್ಟುವ ವಿಷಯ, ಅದರಲ್ಲಿ ಬದುಕುವವರಿಗೆ ಓದಲು ಬರದ ಭಾಷೆಯಲ್ಲಿ! ಸಿಟ್ಟು ಬರಬೇಕಾದ್ದು ಇಂಥದ್ದಕ್ಕೆ. ಕನ್ನಡದಲ್ಲೇ ಕಳಿಸಿ. ಪ್ರಶ್ನೆಯ ಸಂಖ್ಯೆ ಹಾಕಿ, ಅದರ ಕೆಳಗೆ ಉತ್ತರ ಬರೆಯಿರಿ. ಆಗ ಓದದೇ ಇರಲು ಅವರಿಗೆ ನೆಪ ಕಡಿಮೆ.

ನೀವು ಅವತ್ತು ಏನ್ ಬರೆದು ಕಳಿಸಿದ್ರಿ?

ಏಪ್ರಿಲ್‌ನಲ್ಲಿ ಸಿದ್ಧ ಉತ್ತರ, ಕೆಳಗೆ ನನ್ನ ಹೆಸರು. ಒಂದಕ್ಷರ ತಿದ್ದಲಿಲ್ಲ.

ಡಿಸೆಂಬರಿನಲ್ಲಿ ನಾನೇ ಬರೆದೆ. ಶಿರಸಿ ಕಡೆ ನನ್ನ ಸ್ನೇಹಿತನೊಬ್ಬ ಆಗ ಅಡಿಕೆ ಧಾರಣೆಯ ಒಂದು ಸಣ್ಣ ತಾಣ ನಡೆಸುತ್ತಿದ್ದ. ಸಂಜೆ ಮಾರುಕಟ್ಟೆ ಮುಗಿದ ಮೇಲೆ ಶಿರಸಿ, ಸಿದ್ದಾಪುರ, ಶಿವಮೊಗ್ಗದ ದರ ಹಾಕುತ್ತಿದ್ದ. ರಾಶಿ, ಬೆಟ್ಟೆ, ಚಾಲಿ, ಎಲ್ಲ ಬಗೆಯ ಅಡಿಕೆಯ ಫೋಟೊ ಸಮೇತ. ಫೋಟೊ ಇಲ್ಲದೆ ಅಡಿಕೆ ದರ ಯಾರು ನಂಬುತ್ತಾರೆ? ನಾಲ್ಕರಲ್ಲಿ ಮೊದಲ ಪ್ರಶ್ನೆಗೆ ನಾನು ಬರೆದದ್ದು ಅವನ ಕಥೆ. ಬಿಟ್ಟಿ ಪಟ್ಟಿಗೆ ಸೇರಬೇಕಾದರೆ ಅವನು ಫೋಟೊ ತೆಗೆದುಹಾಕಬೇಕು, ಸೇರದಿದ್ದರೆ ಅವನ ಓದುಗರು ಮಾತ್ರ ದುಡ್ಡು ಕೊಟ್ಟು ನೋಡಬೇಕು ಅಂತ. ಏಳೆಂಟು ಸಾಲು. ಅವನಿಗೆ ಓದಿ ಹೇಳಿದಾಗ, 'ಚಾಲಿ ದರ ಹಳೇದು ಹಾಕಿದ್ದೀಯ, ಸರಿ ಮಾಡಿ ಕಳ್ಸು ಮಾರಾಯ' ಅಂದ. ಸರಿ ಮಾಡಿ ಕಳಿಸಿದೆ.